ಕೋನ್ ಫಿಲ್ಟರ್ ಹಾಕಿದ ಮ್ಯಾಲೆ 80ಕ್ಕ ಹೋದ್ರ ಗಾಡಿ ಎಳೀವಲ್ದು, ಕಾರ್ಬೋರೇಟರ್ ವೆಂಟ್ ಪೈಪು ಎಲ್ಲಿ ಬಿಡ್ಬೇಕು?

ಕೋಥ್ರೂಡ್ ಬುಲೆಟ್, ಪುಣೆ:
ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, 2015 ಮಾಡೆಲ್, ಯುಸಿಇ ಇಂಜಿನ್ (ಇಂಜಿನ್ನು, ಗೇರ್‌ಬಾಕ್ಸು ಕೂಡೇ ಇರೋ ಹೊಸಾ ನಮೂನಿ), ಕಾರ್ಬೋರೇಟರ್ ಮಿಕುನಿ ಬಿಎಸ್29. ಕಂಪನಿ ಏರ್ ಫಿಲ್ಟರ್ ಡಬ್ಬಿ ತಗದು ಕೋನ್ ಫಿಲ್ಟರ್ ಹಾಕ್ಸೀನಿ, ಮೇನ್ ಜೆಟ್ (ಪೆಟ್ರೋಲ್ ಹಾಯೋ ಸಣ್ಣ ತೂತಿನ ಪಿತ್ತಳಿ ತುಂಡು) ಎರಡು ಸೈಜ್ ಏರ್ಸೇವಿ, ಪ್ಲಗ್ ಕಲರ್ ಚಲೋನ ಐತಿ, ಸ್ಲೋ ಮಸ್ತ್ ನಿಂದ್ರತೈತಿ. ಊರಾಗ ಏನೂ ತ್ರಾಸ ಇಲ್ಲ. ಆದ್ರ ಸಾತಾರಾ ರೋಡಿಗೆ ಬಿದ್ದು 75-80 ಮುಟ್ಟಿಸಿದ್ರ ಒಮ್ಮೆ ಎಳೀತೈತಿ ಒಮ್ಮೆ ಬಿಡ್ತೈತಿ, ಗಾಳಿ ಎದುರಿಗಿದ್ರಂತೂ ಕೇಳಬ್ಯಾಡ್ರಿ. ಮಜಾ ಏನಂದ್ರ ಟ್ರಕ್ ಹಿಂದ ಹೊಂಟಾಗ ಎಲ್ಲಾ ಸರಿ ಇರ್ತೈತಿ, ಓವರ್‌ಟೇಕಿಗೆ ಅಂತ ಹೊರಗ ಬಂದ್ನಿ ಅಂದ್ರ ಮತ್ತ ಶುರು. ಫಿಲ್ಟರ್ ಕುಂದ್ರಿಸಿದ ಮೆಕ್ಯಾನಿಕ್ ಜೆಟ್ ಇನ್ನೂ ದೊಡ್ಡದು ಹಾಕೂಣು ಅಂತಾನ, ನನಗ ಅದು ಪಟಾಯ್ಸವಲ್ದು. ಇನ್ನೊಂದು, ಕಾರ್ಬೋರೇಟರ್ ಬಾಜೂಕಿಂದ ಸಣ್ಣ ಪೈಪು, ಇಂಜಿನ್ನಿಂದ ಒಂದು ದಪ್ಪ ಪೈಪು, ಎಲ್ಲಾ ಹಂಗ ಜೋತಾಡಾಕತ್ತಾವು. ಇವ್ನ ಏನ್ ಮಾಡ್ಲಿ? ಗಣಪತಿ ಹಬ್ಬಕ್ಕ ಹುಬ್ಬಳ್ಳಿಗೆ ಗಾಡಿ ಮ್ಯಾಲೆ ಹೋಗೋ ವಿಚಾರ ಐತಿ.

ಸ್ಪೀಡ್ ರಾಜ, ಹಿಂಜೇವಾಡಿ:
ಬ್ರೋ ಸಿಂಪಲ್, ಎಲ್ಲಾ ಪೈಪಿಗೂ ಒಂದೊಂದು ಬೋಲ್ಟ್ ತುರುಕಿ ಕ್ಲಿಪ್ ಹಾಕ್ಬಿಡಿ, ಜೆಟ್ ದೊಡ್ಡದು ಹಾಕಿ, ಮುಗೀತು ಕಥೆ. ನನ್ ಫ್ರೆಂಡ್ ಗಾಡಿ ಹಂಗೇ ಓಡ್ತಿದೆ.

ಗ್ಯಾರೇಜ್ ಮಾಮಾ, ಹಡಪ್ಸರ್:
ಏ ತಮ್ಮಾ ಸ್ಪೀಡ್ ರಾಜ, ಅಂಥಾ ಐಡಿಯಾ ಕೊಡಬ್ಯಾಡೋ ಮಂದಿಗೆ. ದಪ್ಪ ಪೈಪು ಬಂದ್ ಮಾಡಿದ್ರ ಏನಾಗ್ತದ ಗೊತ್ತದೇನು? ಅದು ಇಂಜಿನ್ ಬ್ರೀದರ್. ಪಿಸ್ಟನ್ ಕೆಳಗ ಬಂದಾಗೊಮ್ಮೆ ಕೆಳಗಿನ ಆಯಿಲ್ ಚೇಂಬರ್‌ನ್ಯಾಗಿನ ಗಾಳಿ ಎಲ್ಲಿಗರ ಹೋಗಬೇಕಲ್ಲ, ದಾರಿ ಇಲ್ಲಂದ್ರ ಆಯಿಲ್ ಸೀಲ್ ಒದ್ದು ಹೊರಗ ಬರ್ತದ. ಸಿಂಗಲ್ ಸಿಲಿಂಡರ್ ಇಂಜಿನ್‌ದಾಗ ಈ ಪ್ರೆಶರ್ ಇನ್ನೂ ಜಾಸ್ತಿ, ಬಾಜೂಕ ಇನ್ನೊಂದು ಪಿಸ್ಟನ್ ಮ್ಯಾಲೆ ಹೋಗಿ ಜಾಗ ಮಾಡಿ ಕೊಡೂದಿಲ್ಲ ನೋಡು. ಕ್ರ್ಯಾಂಕ್ ಸೀಲ್ ಹೋದ್ರ ಖರ್ಚು ಯಾರ ಕೊಡ್ತಾರ?

ಇನ್ನ ಸಣ್ಣ ಪೈಪು. ಅಡಗಿ ಎಣ್ಣಿ ಡಬ್ಬಿಗೆ ಒಂದ ತೂತ ಹೊಡದು ಬಗ್ಗಿಸಿ ನೋಡು, ಗುಳು ಗುಳು ಅಂತ ನಿಂತು ನಿಂತು ಬರ್ತದ. ಎರಡನೇ ತೂತ ಹೊಡದ್ರನ ಧಾರಿ ಸೀದಾ ಬರ್ತದ. ಕಾರ್ಬೋರೇಟರ್ ಕಟೋರಿಗೆ, ಅಂದ್ರ ಪೆಟ್ರೋಲ್ ನಿಂದ್ರೋ ಬೌಲಿಗೆ, ಆ ಎರಡನೇ ತೂತ ಅಂದ್ರ ಈ ವೆಂಟ್. ಅದನ್ನ ಮುಚ್ಚಿದ್ರ ಸ್ವಲ್ಪ ದೂರ ಓಡ್ತದ, ಆಮ್ಯಾಲೆ ಪೆಟ್ರೋಲ್ ಸಿಗದಾಂಗಾಗಿ ಬಂದ್ ಬೀಳ್ತದ.

ಕೋಥ್ರೂಡ್ ಅಣ್ಣಾರ, ಮೊದ್ಲ ಒಂದ ಕೆಲಸ ಮಾಡ್ರಿ. ಯಾವ ಪೈಪು ಎಲ್ಲಿಂದ ಹೊಂಟದ ಅಂತ ಕೈಲೆ ಹಿಡದು ನೋಡ್ರಿ. ಕಟೋರಿ ತಳದಾಗಿನ ನಿಪ್ಪಲ್‌ನಿಂದ ಬಂದಿದ್ದು ಡ್ರೇನ್ ಇಲ್ಲಾ ಓವರ್‌ಫ್ಲೋ, ಅದು ಕೆಳಗ ನೆಲದ ಕಡೆ ಹೋಗಬೇಕು. ಮ್ಯಾಲಿನ ಭಾಗದಾಗ, ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯೋ ತೇಲುಬುರುಡಿ) ಲೆವೆಲ್‌ಗಿಂತ ಮ್ಯಾಲೆ ಇರೋ ನಿಪ್ಪಲ್‌ದು ವೆಂಟ್. ಎರಡನ್ನೂ ಒಂದ ಅಂತ ತಿಳ್ಕೊಂಡವರ ಗಾಡಿ ವಾರಕ್ಕೊಂದು ನನ್ನ ಹಂತ್ಯಾಕ ಬರ್ತದ.

ಪಿಂಪ್ರಿ ಮೈಸೂರಿಗ:
ಮಾಮಾ ಹೇಳಿದ್ದು ಸರಿಯಾಗಿದೆ. ನಾನು ಆ ಟ್ರಕ್ ವಿಷಯಕ್ಕೆ ಬರ್ತೀನಿ, ನನ್ ಪ್ರಕಾರ ಇಡೀ ಪೋಸ್ಟಲ್ಲಿ ಅದೇ ಮುಖ್ಯವಾದ ಸುಳಿವು. ಜೆಟ್ ಸೈಜ್ ತಪ್ಪಿದ್ರೆ ಅದಕ್ಕೆ ಟ್ರಕ್ ಮುಂದಿದ್ಯೋ ಇಲ್ವೋ ಗೊತ್ತಾಗಲ್ಲ ಕಣ್ರಿ, ಗಾಳಿ ನಿಂತಾಗ ಸರಿಹೋಗಿ ಗಾಳಿ ಬಂದಾಗ ಕೆಡುತ್ತೆ ಅಂದ್ರೆ ಯಾವ್ದೋ ಒಂದು ತೂತು ಗಾಳಿಗೆ ಮೈಯೊಡ್ಡಿ ನಿಂತಿದೆ ಅಂತ ಅರ್ಥ.

ಕಾರ್ಬೋರೇಟರ್ ಪೆಟ್ರೋಲನ್ನ ಎಳೆಯಲ್ಲ, ಬೌಲ್ ಮೇಲಿರೋ ವಾತಾವರಣದ ಒತ್ತಡ ಅದನ್ನ ತಳ್ಳುತ್ತೆ, ವೆಂಚುರಿಯಲ್ಲಿ (ಗಾಳಿ ಹೋಗೋ ಕಿರಿದಾದ ಕುತ್ತಿಗೆಯಲ್ಲಿ) ಒತ್ತಡ ಕಮ್ಮಿ ಇರೋದ್ರಿಂದ ಜೆಟ್ ಮೂಲಕ ಮೇಲೆ ಬರುತ್ತೆ, ಅಷ್ಟೇ. ಈ ಎರಡು ಒತ್ತಡಗಳ ವ್ಯತ್ಯಾಸ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು. ಈಗ ಲೆಕ್ಕ ನೋಡಿ, 80 ಕಿಮೀ ಸ್ಪೀಡಲ್ಲಿ ಎದುರು ಗಾಳಿಯ ಒತ್ತಡ ಸುಮಾರು 300 ಪಾಸ್ಕಲ್. ನೀರಲ್ಲಿ ಅಳೆದ್ರೆ 30 ಮಿಮೀ, ಪೆಟ್ರೋಲಲ್ಲಿ ಅಳೆದ್ರೆ 40 ಮಿಮೀ ಹತ್ರ. ಫ್ಲೋಟ್ ಲೆವೆಲ್ 2 ಮಿಮೀ ಆ ಕಡೆ ಈ ಕಡೆ ಆದ್ರೆ ನಾವು ಬೌಲ್ ಬಿಚ್ಚಿ ಕೂತ್ಕೋತೀವಿ, ಇಲ್ಲಿ 40 ಮಿಮೀ! ಪೂರ್ತಿ ಅಷ್ಟೂ ವೆಂಟ್ ಮೇಲೆ ಬೀಳಲ್ಲ ಒಪ್ತೀನಿ, ಕಾಲು ಭಾಗ ಬಿದ್ರೂ ಸಾಕು. ಪೈಪಿನ ಬಾಯಿಗೆ ಗಾಳಿ ನೇರ ನುಗ್ಗಿದ್ರೆ ಬೌಲಲ್ಲಿ ಒತ್ತಡ ಏರಿ ರಿಚ್ (ಪೆಟ್ರೋಲ್ ಜಾಸ್ತಿ), ಬಾಯಿ ಮೇಲೆ ಅಡ್ಡ ಹಾದು ಹೋದ್ರೆ ಒತ್ತಡ ಇಳಿದು ಲೀನ್ (ಪೆಟ್ರೋಲ್ ಕಮ್ಮಿ). ಜೋತಾಡೋ ಪೈಪ್ ಆದ್ರೆ ಒಂದ್ಸಲ ಹಾಗೆ ಒಂದ್ಸಲ ಹೀಗೆ, ಅದೇ ನಿಮ್ಮ ಎಳೆಯೋದು ಬಿಡೋದು. ಊರಲ್ಲಿ ಯಾಕೆ ಗೊತ್ತಾಗಲ್ಲ ಅಂದ್ರೆ ಈ ಒತ್ತಡ ಸ್ಪೀಡಿನ ವರ್ಗಕ್ಕೆ ತಕ್ಕಂಗೆ ಹೋಗುತ್ತೆ, 40ರಲ್ಲಿ 80ರ ಕಾಲು ಭಾಗ ಮಾತ್ರ.

ಕಂಪನಿ ಡಬ್ಬಿ ಇದ್ದಾಗ ಇದೆಲ್ಲ ಮುಚ್ಚಿಟ್ಟ ಜಾಗದಲ್ಲಿ ಶಾಂತವಾಗಿ ಇರ್ತಿತ್ತು. ಡಬ್ಬಿ ತೆಗೆದ್ರಿ, ಕಾರ್ಬೋರೇಟರ್ ಅಕ್ಕಪಕ್ಕ ಎಲ್ಲಾ ಬಯಲಾಯ್ತು. ವೆಂಟ್ ಪೈಪ್ ಉದ್ದ ಮಾಡಿ ಟ್ಯಾಂಕ್ ಕೆಳಗೆ, ಫ್ರೇಮ್ ಪೈಪ್ ಪಕ್ಕ ಗಾಳಿ ಆಡದ ಕಡೆ ತಗೊಂಡೋಗಿ ಕಟ್ಟಿ ನೋಡಿ. ಜೆಟ್ ಮುಟ್ಟಬೇಡಿ ಈಗಲೇ. ಪೈಪ್ ಮಧ್ಯ ಎಲ್ಲೂ ಕೆಳಗೆ ಬಾಗಿ ಗುಂಡಿ ಥರ ಆಗ್ಬಾರ್ದು, ಅಲ್ಲಿ ಪೆಟ್ರೋಲೋ ನೀರೋ ನಿಂತ್ರೆ ವೆಂಟ್ ಮುಚ್ಚಿದಂಗೇ.

ಘಾಟ್ಕೋಪರ್ ಶೆಟ್ರು, ಮುಂಬೈ:
ಪಿಂಪ್ರಿಯವರ ಲೆಕ್ಕ ಎಲ್ಲ ಚಂದ ಉಂಟು, ಆದ್ರೆ ನಂಗೆ ಬೇರೆ ಡೌಟ್ ಮಾರಾಯ್ರೆ. ಇದು ಸಿವಿ ಕಾರ್ಬೋರೇಟರ್ ಅಲ್ವಾ, ಇದ್ರಲ್ಲಿ ಆಕ್ಸಿಲರೇಟರ್ ಕೇಬಲ್ ಸ್ಲೈಡನ್ನು (ಗಾಳಿಯ ದಾರಿ ಹೆಚ್ಚು ಕಮ್ಮಿ ಮಾಡುವ ಜಾರುವ ಬಾಗಿಲು) ಎತ್ತುದಿಲ್ಲ, ಬಟರ್‌ಫ್ಲೈ ಮಾತ್ರ ತೆರೀತದೆ. ಸ್ಲೈಡ್ ಮೇಲೆ ಬರುದು ಅದರ ತಲೆಗೆ ಕೂತ ತೆಳು ರಬ್ಬರ್ ಪರದೆ, ಅಂದ್ರೆ ಡಯಾಫ್ರಾಮಿನ ಮೇಲ್ಗಡೆ ವ್ಯಾಕ್ಯೂಮ್, ಕೆಳಗಡೆ ಹೊರಗಿನ ಗಾಳಿ ಇದ್ರೆ ಮಾತ್ರ. ಆ ಕೆಳಗಿನ ಗಾಳಿಗೆ ದಾರಿ ಕಾರ್ಬೋರೇಟರ್ ಬಾಯಿಯ ಅಂಚಿನಲ್ಲೇ ಒಂದು ತೂತು ಇರ್ತದೆ. ಮತ್ತೆ ಪೆಟ್ರೋಲಿಗೆ ಗಾಳಿ ಬೆರೆಸುವ ಏರ್ ಜೆಟ್‌ಗಳ ತೂತು ಕೂಡ ಅಲ್ಲೇ. ಅಗ್ಗದ ಕೋನ್ ಫಿಲ್ಟರ್‌ಗಳ ರಬ್ಬರ್ ಕುತ್ತಿಗೆಯ ಒಳಗೆ ದಪ್ಪ ಅಂಚು ಇರ್ತದೆ ನೋಡಿ, ಅದನ್ನು ಒತ್ತಿ ಕ್ಲ್ಯಾಂಪ್ ಹಾಕಿದ್ರೆ ಈ ತೂತುಗಳ ಮೇಲೆಯೇ ಬಂದು ಕೂತ್ಕೊಳ್ತದೆ. ಡಯಾಫ್ರಾಮ್ ತೂತು ಮುಚ್ಚಿದ್ರೆ ಸ್ಲೈಡ್ ಪೂರ್ತಿ ಏಳುದಿಲ್ಲ, ಗಾಡಿ ಒಂದು ಹಂತಕ್ಕೆ ಬಂದು ಸುಸ್ತಾಗ್ತದೆ. ಏರ್ ಜೆಟ್ ಮುಚ್ಚಿದ್ರೆ ರಿಚ್ ಆಗ್ತದೆ. ಎಷ್ಟೋ ಜನ ಇದು ತಿಳಿಯದೆ ಜೆಟ್ ಮೇಲೆ ಜೆಟ್ ಬದಲಿಸ್ತಾ ಕೂತಿದ್ದಾರೆ.

ಚೆಕ್ ಮಾಡ್ಲಿಕ್ಕೆ ಕಷ್ಟ ಏನಿಲ್ಲ. ಫಿಲ್ಟರ್ ತೆಗೆದು ಒಳಗಿನ ರಬ್ಬರಲ್ಲಿ ತೂತಿನ ಅಚ್ಚು ಬಿದ್ದಿದೆಯಾ ನೋಡಿ. ಹಾಗೇ ಬೆರಳಲ್ಲಿ ಸ್ಲೈಡ್ ಎತ್ತಿ ಬಿಡಿ, ನಿಧಾನಕ್ಕೆ ಇಳೀಬೇಕು, ಟಪ್ ಅಂತ ಬಿದ್ರೆ ಡಯಾಫ್ರಾಮ್ ಹರಿದಿರ್ಬಹುದು.

ಪಿಂಪ್ರಿ ಮೈಸೂರಿಗ:
ಶೆಟ್ರೆ, ತೂತು ಮುಚ್ಚಿದ್ರೆ ಟ್ರಕ್ ಹಿಂದೆ ಹೋದಾಗ್ಲೂ ಮುಚ್ಚೇ ಇರುತ್ತಲ್ವಾ? ಅಲ್ಲಿ ಸರಿ ಹೋಗೋದಕ್ಕೆ ನಿಮ್ ಹತ್ರ ಉತ್ತರ ಇಲ್ಲ.

ಘಾಟ್ಕೋಪರ್ ಶೆಟ್ರು, ಮುಂಬೈ:
ಟ್ರಕ್ ಹಿಂದೆ ಗಾಳಿ ಕಮ್ಮಿ, ಇಂಜಿನ್ ಮೇಲೆ ಲೋಡ್ ಕಮ್ಮಿ, ಸ್ಲೈಡ್ ಅರ್ಧ ಎದ್ರೂ ಸಾಕಾಗ್ತದೆ. ಉತ್ತರ ಉಂಟು ಮಾರಾಯ್ರೆ 😄 ಎರಡೂ ನೋಡ್ಲಿ ಅವರು, ಫಿಲ್ಟರ್ ತೆಗೀಲಿಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.

ಸ್ಪೀಡ್ ರಾಜ, ಹಿಂಜೇವಾಡಿ:
ಆದ್ರೆ ನಮ್ ಊರಲ್ಲಿ ಆರ್‌ಎಕ್ಸ್ 100ಗೆ ಎಲ್ರೂ ಕೋನ್ ಹಾಕಿ ಓಡಿಸ್ತಾರೆ, ಇದ್ಯಾವ ತಲೆನೋವೂ ಕೇಳಿಲ್ಲ ನಾನು.

ಘಾಟ್ಕೋಪರ್ ಶೆಟ್ರು, ಮುಂಬೈ:
ಅದ್ರಲ್ಲಿ ಡಯಾಫ್ರಾಮೇ ಇಲ್ಲ, ಕೇಬಲ್ ನೇರ ಸ್ಲೈಡ್ ಎತ್ತುದು. ಟೂ ಸ್ಟ್ರೋಕ್ ಆದ ಕಾರಣ ಚೇಂಬರ್ ಬ್ರೀದರ್ ಕೂಡ ಇಲ್ಲ. ಬೌಲ್ ವೆಂಟ್ ಮಾತ್ರ ಅದಕ್ಕೂ ಬೇಕು, ಅದನ್ನು ಮುಚ್ಚಿ ಓಡಿಸಿ ತೋರಿಸ್ಲಿ ನೋಡುವ.

ಪವಾಯಿ ಪಾಟೀಲ, ಮುಂಬೈ:
ನಾ ಒಂದು ಮಾತ ಹೇಳ್ತೇನಿ, ಯೂಟ್ಯೂಬ್‌ನ್ಯಾಗ 'ಏರ್ ಕ್ಲೀನರ್ ಬ್ರೀದರ್' ಅಂತ ಹುಡುಕಿದ್ರ ಬರೂದೆಲ್ಲ ಹಾರ್ಲೆ ವಿಡಿಯೋ. ಅದನ್ನ ನೋಡಿ ಬುಲೆಟ್‌ಗೆ ಮಾಡಾಕ ಹೋಗಬ್ಯಾಡ್ರಿ. 90ರ ದಶಕದ ಸ್ಪೋರ್ಟ್‌ಸ್ಟರ್, ಬಿಗ್ ಟ್ವಿನ್ ಹಾರ್ಲೆಗಳಾಗ ಇಂಜಿನ್ ಬ್ರೀದರ್ ಸಿಲಿಂಡರ್ ಹೆಡ್‌ನ್ಯಾಗಿಂದ ಬರ್ತೈತಿ, ಏರ್ ಕ್ಲೀನರ್ ಹಿಡದಿರೋ ಎರಡು ಬೋಲ್ಟ್ ಒಳಗ ಪೊಳ್ಳು ಇರ್ತಾವು, ಆ ಬೋಲ್ಟ್ ಮುಖಾಂತರ ಉಸಿರು ಹೊರಗ ಬರೂದು. ಬ್ಯಾರೆ ಏರ್ ಕ್ಲೀನರ್ ಹಾಕುವಾಗ ಆ ಪೊಳ್ಳು ಬೋಲ್ಟಿಗೆ ಪೈಪು ಜೋಡಿಸಬೇಕು. ಅದರ ಮ್ಯಾಲೆ ಆ ಬೋಲ್ಟ್‌ಗೋಳ ಕಾರ್ಬೋರೇಟರ್ ಭಾರಾನೂ ಹೊರ್ತಾವು, ಸಪೋರ್ಟ್ ಬ್ರ್ಯಾಕೆಟ್ ಬಿಟ್ಟು ಹಾಕಿದ್ರ ಕಾರ್ಬೋರೇಟರ್ ಅಲ್ಲಾಡಿ ಇಂಟೇಕ್ ಸೀಲ್‌ನ್ಯಾಗ ಗಾಳಿ ಲೀಕ್ ಆಗ್ತೈತಿ. ಶೆಟ್ರು ಹೇಳಿದ್ದು ಮಾತ್ರ ಅಲ್ಲೂ ಖರೆ, ಕೈಹಿನ್ ಸಿವಿ ಕಾರ್ಬೋರೇಟರ್ ಬಾಯಿ ಅಂಚಿನ್ಯಾಗ ಡಯಾಫ್ರಾಮ್ ತೂತು ಇರ್ತೈತಿ, ಹಿಂದಿನ ಪ್ಲೇಟ್ ಇಲ್ಲಾ ಗ್ಯಾಸ್ಕೆಟ್ ಅದನ್ನ ಮುಚ್ಚಬಾರದು.

ನಮ್ಮ ಬುಲೆಟ್ ಕಥಿ ಬ್ಯಾರೆ. ಹಳೇ ಎರಕದ ಕಬ್ಬಿಣದ ಇಂಜಿನ್‌ಗೆ ಬಾತುಕೋಳಿ ಮೂತಿ ರಬ್ಬರ್ ವಾಲ್ವ್ ಇರ್ತಿತ್ತು, ಗಾಳಿ ಹೊರಗ ಬಿಟ್ಟು ಒಳಗ ಬಿಡ್ತಿರ್ಲಿಲ್ಲ, ಎಣ್ಣಿ ಚೈನ್ ಮ್ಯಾಲೆ ತೊಟ್ಟಿಕ್ಕಿ ಚೈನಿಗೂ ಸೇವಾ ಆಗ್ತಿತ್ತು. ಯುಸಿಇ ಒಳಗ ಬ್ರೀದರ್ ಸೀದಾ ಏರ್ ಫಿಲ್ಟರ್ ಡಬ್ಬಿಗೆ.

ಗ್ಯಾರೇಜ್ ಮಾಮಾ, ಹಡಪ್ಸರ್:
ಹೌದ್ರಿ ಪಾಟೀಲ್ರ. ಡಬ್ಬಿ ಹೋತಂದ್ರ ಆ ದಪ್ಪ ಪೈಪಿಗೆ ಕ್ಯಾಚ್ ಕ್ಯಾನ್ (ಬ್ರೀದರ್ ಎಣ್ಣಿ ಹಿಡಿಯೋ ಸಣ್ಣ ಡಬ್ಬಿ) ಹಾಕೂದು ಬೆಸ್ಟ್. ಬರೇ ಪುಟಾಣಿ ಬ್ರೀದರ್ ಫಿಲ್ಟರ್ ಹಾಕಿದ್ರೂ ನಡೀತದ, ಆದ್ರ ಇಂಜಿನ್‌ಗಿಂತ ಮ್ಯಾಲೆ ಕಟ್ರಿ, ಎಣ್ಣಿ ಹನಿ ವಾಪಸ್ ಒಳಗ ಇಳೀಬೇಕು. ಕೆಳಗ ಬಿಟ್ರ ಎಣ್ಣಿ ಹಿಂದಿನ ಟೈರಿಗೆ ಬಡೀತದ, ಕಾತ್ರಜ್ ಘಾಟಿನ ತಿರುವಿನ್ಯಾಗ ಆಮ್ಯಾಲೆ ದೇವ್ರ ಗತಿ. ಕೋನ್ ಫಿಲ್ಟರ್ ಒಳಗ ಸೇರಿಸಿದ್ರ ಕಾಟನ್ ಎಣ್ಣ್ಯಾಗ ನೆಂದು ದಮ್ ಕಟ್ತದ, ಅದೂ ಬ್ಯಾಡ.

ವಾಸ್ಕೋ ಹುಡುಗ, ಗೋವಾ:
ಮಳಿ ವಿಷಯ ಯಾರೂ ತೆಗೀಲಿಲ್ಲ ನೋಡ್ರಿ. ನಾ ಬೆಳಗಾವಿ ಕಡೆಯವ, ಚೋರ್ಲಾ ಘಾಟ್ ಮ್ಯಾಲೆ ಊರಿಗೆ ಹೋಗಿ ಬರೂದು. ಜುಲೈ ತಿಂಗಳದಾಗ ಆ ರಸ್ತಾದಾಗ ನೀರು ಮ್ಯಾಲಿಂದನೂ ಬರ್ತೈತಿ ಕೆಳಗಿಂದನೂ ಬರ್ತೈತಿ. ವೆಂಟ್ ಪೈಪು ಕೆಳಗ ಬಿಟ್ಟಿದ್ರ ನೀರು ತುಂಬಿದ ತಗ್ಗಿನ್ಯಾಗ ಇಳಿದಾಗ ಪೈಪಿನ ಬಾಯಿ ನೀರಾಗ ಮುಳುಗತೈತಿ, ಬೌಲಿಗೆ ಗಾಳಿ ಬಂದ್, ಗಾಡಿ ನಟ್ಟನಡುವ ನಿಂದ್ರತೈತಿ. ಎಲ್ಲಾರೂ ಪ್ಲಗ್ ತೊಯ್ತು ಅಂತ ತಿಳ್ಕೊಂಡು ಪ್ಲಗ್ ಬಿಚ್ಚತಾರ, ಅಷ್ಟ್ರಾಗ ಪೈಪಿನ ನೀರು ಇಳದು ಹೋಗಿರ್ತೈತಿ, ಚಾಲೂ ಆಗ್ತೈತಿ, ಪ್ಲಗ್ಗಿಗೆ ಕ್ರೆಡಿಟ್ಟು.

ಕಾಡು ಗುಡ್ಡದಾಗ ರೇಸ್ ಓಡಿಸೋ ಎಂಡ್ಯೂರೋ ಗಾಡಿಯವ್ರು ಇದಕ್ಕ ಟಿ ಜಾಯಿಂಟ್ ಹಾಕ್ತಾರ. ವೆಂಟ್ ಪೈಪಿನ ನಡಕ್ಕ ಒಂದು ಟಿ, ಒಂದು ಕೊನಿ ಕೆಳಗ, ಇನ್ನೊಂದು ಮ್ಯಾಲೆ ಟ್ಯಾಂಕ್ ಕೆಳಗ. ಕೆಳಗಿಂದು ನೀರಾಗ ಮುಳುಗಿದ್ರೂ ಮ್ಯಾಲಿಂದು ಉಸಿರಾಡ್ತೈತಿ, ಪೆಟ್ರೋಲ್ ತುಂಬಿ ಬಂದ್ರ ಕೆಳಗಿಂದ ಹೊರಗ ಹೋಗ್ತೈತಿ. ನಾ ಹಂಗ ಮಾಡೀನಿ, ನಿಶ್ಚಿಂತಿ.

ಗ್ಯಾರೇಜ್ ಮಾಮಾ, ಹಡಪ್ಸರ್:
ವಾಸ್ಕೋ ಹುಡುಗ ಭಾಳ ಕಾಮಿನ ಮಾತ ಹೇಳ್ದ. ಕೆಲವು ಕಾರ್ಬೋರೇಟರ್‌ದಾಗ ಬ್ಯಾರೆ ಓವರ್‌ಫ್ಲೋ ನಳಿಕಿ ಇರೂದೇ ಇಲ್ಲ, ಬೌಲಿಗೆ ಪೆಟ್ರೋಲ್ ಬಿಡೋ ನೀಡಲ್ ವಾಲ್ವಿನ್ಯಾಗ ಕಸ ಸಿಕ್ಕಿ ಪೆಟ್ರೋಲ್ ಏರಿತು ಅಂದ್ರ ಹೊರಗ ಹೋಗಾಕ ವೆಂಟ್ ಒಂದೇ ದಾರಿ. ಆ ವೆಂಟ್ ಬರೇ ಮ್ಯಾಲೆ ಒಯ್ದು ಕಟ್ಟಿದ್ರಿ ಅಂದ್ರ ಪೆಟ್ರೋಲ್ ಇಂಜಿನ್ ಒಳಗ ಇಳೀತದ, ಎಣ್ಣಿ ತೆಳ್ಳಗಾಗ್ತದ, ಭಾಳ ತುಂಬಿದ್ರ ಪಿಸ್ಟನ್ ಮ್ಯಾಲೆ ನಿಂತು ಕಿಕ್ ಹೊಡಿಯಾಕ ಬರೂದಿಲ್ಲ. ಟಿ ಹಾಕ್ರಿ, ಗಾಡಿ ನಿಲ್ಲಿಸಿದಾಗೊಮ್ಮೆ ಪೆಟ್ರೋಲ್ ಕಾಕ್ ಬಂದ್ ಮಾಡ್ರಿ. ಈಗಿನ ಹುಡುಗ್ರಿಗೆ ಕಾಕ್ ಬಂದ್ ಮಾಡೂದ ಗೊತ್ತಿಲ್ಲ.

ಕೋಥ್ರೂಡ್ ಬುಲೆಟ್, ಪುಣೆ:
ಎಲ್ಲಾರಿಗೂ ಭಾಳ ಧನ್ಯವಾದ್ರಿ. ಇವತ್ತ ಫಿಲ್ಟರ್ ಬಿಚ್ಚಿ ನೋಡ್ದೆ. ಶೆಟ್ರ ಪಾಯಿಂಟ್ ಕರೆಕ್ಟ್ ಐತಿ, ರಬ್ಬರ್ ಅಂಚಿನ ಮ್ಯಾಲೆ ಅರ್ಧಚಂದ್ರ ಅಚ್ಚು ಎದ್ದು ಕಾಣಾಕತ್ತೈತಿ, ಬಾಯ್ಯಾಗಿನ ತೂತು ಅರ್ಧ ಮುಚ್ಚಿತ್ತು. ಬ್ಲೇಡ್‌ಲೆ ಅಂಚು ಕೊರದು ಪಾಲಿಷ್ ಪೇಪರ್ ಹಚ್ಚಿ, ಚೂರು ಉಳೀಲಾರದಂಗ ತೊಳದು ಮತ್ತ ಕುಂದ್ರಿಸೀನಿ. ಬೆರಳಿಂದ ಸ್ಲೈಡ್ ಎತ್ತಿ ಬಿಟ್ರ ನಿಧಾನ ಇಳೀತೈತಿ, ಅಂದ್ರ ಡಯಾಫ್ರಾಮ್ ಸಾಬೂತ್ ಐತಿ. ವೆಂಟ್ ಪೈಪು ಇನ್ನೂ ಮುಟ್ಟಿಲ್ಲ, ಬೇಕಂತ್ಲೇ, ಯಾವದರಿಂದ ಏನಾತು ಅಂತ ಗೊತ್ತಾಗಬೇಕಲ್ಲ. ನಾಳೆ ಖಂಬಾಟಕಿ ಘಾಟ್ ತನಕ ಹೋಗಿ ಬರ್ತೀನಿ.

ಪಿಂಪ್ರಿ ಮೈಸೂರಿಗ:
ಒಂದೊಂದೇ ಬದಲಾಯಿಸೋದು ಒಳ್ಳೇದು. ಹೋದಾಗ ಇದೊಂದು ಮಾಡಿ, ಎಳೆದು ಬಿಡೋದು ಶುರು ಆದ ಕೂಡ್ಲೇ ಚೋಕ್ ಒಂಚೂರು ಎಳೀರಿ. ಸರಿ ಹೋದ್ರೆ ಆಗ ಲೀನ್ ಇತ್ತು ಅಂತ, ಇನ್ನೂ ಕೆಟ್ರೆ ರಿಚ್. ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದು ಸ್ಸ್ ಅಂತ ಗಾಳಿ ಒಳಗೆ ಎಳ್ಕೊಳ್ಳುತ್ತಾ ಕೇಳಿ. ಮುಚ್ಚಳದ ತೂತು ಕಟ್ಟಿದ್ರೂ ಪೆಟ್ರೋಲ್ ಸರಿಯಾಗಿ ಇಳಿಯಲ್ಲ, ಆದ್ರೆ ಅದು ಓಡ್ತಾ ಓಡ್ತಾ ನಿಧಾನಕ್ಕೆ ಹೆಚ್ಚಾಗೋ ರೋಗ, ಟ್ರಕ್ ಹಿಂದೆ ಹೋದ್ರೆ ವಾಸಿ ಆಗಲ್ಲ.

ಕೋಥ್ರೂಡ್ ಬುಲೆಟ್, ಪುಣೆ:
ಹೋಗಿ ಬಂದೆ. ಅಂಚು ಕೊರದ ಮ್ಯಾಲೆ ಪಿಕಪ್ ಭಾಳ ಫರಕ್ ಆಗೇತಿ, ಏರಿನ್ಯಾಗ ಮೊದ್ಲ ಮೂರನೇ ಗೇರಿಗೆ ಇಳೀತಿದ್ದೆ, ಈಗ ನಾಲ್ಕರಾಗ ಏರ್ತೈತಿ. ಆದ್ರ 80ಕ್ಕ ಎದುರ ಗಾಳ್ಯಾಗ ಜಗ್ಗೂದು ಬಿಡೂದು ಹಂಗ ಇತ್ತು. ಚೋಕ್ ಎಳದ್ರ ಸರಿ ಆತು, ಅಂದ್ರ ಲೀನ್. ಟ್ಯಾಂಕ್ ಮುಚ್ಚಳ ಏನೂ ಸದ್ದು ಮಾಡ್ಲಿಲ್ಲ. ಆಮ್ಯಾಲೆ ಶಿರವಳ ಹತ್ರ ಚಾದ ಅಂಗಡಿ ಮುಂದ ಗಾಡಿ ನಿಲ್ಸಿ, ಜೊತಿಗೆ ಒಯ್ದಿದ್ದ ಪೈಪು ವೆಂಟ್‌ಗೆ ಜೋಡಿಸಿ ಟ್ಯಾಂಕ್ ಕೆಳಗ ಫ್ರೇಮಿಗೆ ಟೈ ಹಾಕಿ ಕಟ್ಟಿದೆ. ಜೆಟ್ ಮೊದ್ಲಿಂದ, ಉಳಿದಿದ್ದೆಲ್ಲಾ ಮೊದ್ಲಿನಂಗ. ವಾಪಸ್ ಬರುವಾಗ 85 ತನಕ ಒಂದ ಸಮ ಹೊಂಟಿತ್ರಿ, ಓವರ್‌ಟೇಕಿಗೆ ಹೊರಗ ಬಂದ್ರೂ ಏನಿಲ್ಲ! ಮೈಸೂರವ್ರಿಗೂ ಶೆಟ್ರಿಗೂ ಒಂದೊಂದು ಮಿಸಳ್ ನನ್ನ ಕಡೆಯಿಂದ.

ಘಾಟ್ಕೋಪರ್ ಶೆಟ್ರು, ಮುಂಬೈ:
ಮಿಸಳ್ ತಿನ್ಲಿಕ್ಕೆ ಪುಣೆಗೆ ಬರ್ಬೇಕಾದ್ರೆ ನಾನು ಹಳೇ ಹೈವೇಯಲ್ಲಿ ಬರ್ಬೇಕು, ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುದಿಲ್ಲ, ಖಂಡಾಲಾ ಘಾಟಲ್ಲಿ ಸೊಂಟ ಹೋಗ್ತದೆ. ಕೊರಿಯರ್ ಮಾಡಿ.

ಪಿಂಪ್ರಿ ಮೈಸೂರಿಗ:
ಸಂತೋಷ ಆಯ್ತು. ಈಗ ಜೆಟ್ ಮತ್ತೆ ನೋಡಿ. ತೂತು ಅರ್ಧ ಮುಚ್ಚಿರೋವಾಗ ಸೆಟ್ ಮಾಡಿದ ಜೆಟ್ ಅದು, ಈಗ ಲೆಕ್ಕ ಬದಲಾಗಿರುತ್ತೆ. ಮಧ್ಯದ ಥ್ರಾಟಲಲ್ಲಿ ಲೀನ್ ಅನ್ನಿಸಿದ್ರೆ ಸ್ಲೈಡ್ ಒಳಗಿರೋ ನೀಡಲ್ ತಲೆ ಕೆಳಗೆ 0.5 ಮಿಮೀ ವಾಷರ್ ಒಂದು ಹಾಕಿ ನೋಡಿ, ಇದರ ಸ್ಟಾಕ್ ನೀಡಲ್‌ನಲ್ಲಿ ಕ್ಲಿಪ್ ಕೆಳಗೆ ಇಳಿಸೋಕೆ ಬೇರೆ ಗೀರುಗಳು ಇಲ್ಲದಿದ್ರೆ ಅದೇ ದಾರಿ. ಸೈಡ್ ಕವರ್ ತೆಗೀಬೇಡಿ, ಅದು ಫಿಲ್ಟರಿಗೂ ಪಕ್ಕದ ಗಾಳಿಯಿಂದ ಮರೆ ಕೊಡುತ್ತೆ. ಪಿಯುಸಿ ಮಾಡಿಸುವಾಗ ಸಿಓ ಎಷ್ಟು ಬಂತು ಅಂತ ಸುಮ್ನೆ ಸರ್ಟಿಫಿಕೇಟ್ ನೋಡಿ, ಐಡ್ಲಿಂಗ್ ಮಿಕ್ಸ್‌ಚರ್ ಬಗ್ಗೆ ಪುಕ್ಕಟೆ ರಿಪೋರ್ಟ್ ಅದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಬದಲಾವಣೆ ಬಗ್ಗೆ ಏನನ್ನುತ್ತೆ ಅಂತಾನೂ ಒಮ್ಮೆ ಓದ್ಕೊಳ್ಳಿ, ಹಳೇ ಡಬ್ಬಿ ಮಾತ್ರ ಗುಜರಿಗೆ ಹಾಕ್ಬೇಡಿ. ನನ್ ಅಭಿಪ್ರಾಯ ಕೇಳಿದ್ರೆ 350ಗೆ ಆ ಡಬ್ಬಿಯೇ ಚೆನ್ನಾಗಿತ್ತು, ಕೋನ್ ಕೊಡೋದು ಸದ್ದು ಜಾಸ್ತಿ, ದಮ್ ಕಮ್ಮಿ. ವಾಘೋಲಿ ಕಡೆ ಕಲ್ಲುಗಣಿ ಧೂಳಲ್ಲಿ ಓಡಾಡೋರಂತೂ ಯೋಚನೆ ಮಾಡಿ.

ಕೋಥ್ರೂಡ್ ಬುಲೆಟ್, ಪುಣೆ:
ಸದ್ದಿಗೇ ಹಾಕ್ಸಿದ್ದ್ರಿ ಸರ 😄 ಡಬ್ಬಿ ಮಾಳಗಿ ಮ್ಯಾಲೆ ಐತಿ. ಬ್ರೀದರ್‌ಗೆ ಕ್ಯಾಚ್ ಕ್ಯಾನ್ ಈ ವಾರ ಹಾಕ್ತೀನಿ. ವಾಸ್ಕೋ ಅಣ್ಣಾ, ಟಿ ಎಲ್ಲಿ ಸಿಗ್ತೈತಿ? ಮೀನಿನ ಟ್ಯಾಂಕಿಗೆ ಹಾಕೋ ಟಿ, ಪೈಪು ನಡೀತಾವೇನು? ಅದ ಸೈಜಿಂದು ಮನ್ಯಾಗ ಬಿದ್ದೈತಿ.

ವಾಸ್ಕೋ ಹುಡುಗ, ಗೋವಾ:
ಟಿ ನಡೀಬಹುದು, ನಂದು ಪಿತ್ತಳಿದು ಐತಿ. ಪೈಪಿಂದು ಮಾಮಾನ ಕೇಳ್ರಿ.

ಗ್ಯಾರೇಜ್ ಮಾಮಾ, ಹಡಪ್ಸರ್:
ಮೀನಿನ ಟ್ಯಾಂಕಿನ ಪೈಪು ಬ್ಯಾಡ ತಮ್ಮಾ, ಪೆಟ್ರೋಲ್ ಹವಾಕ್ಕ ಕೆಲವೇ ತಿಂಗಳದಾಗ ಕಟ್ಟಿಗಿ ಆದಂಗ ಬಿರುಸಾಗಿ ನಿಪ್ಪಲ್‌ನಿಂದ ಕಳಚಿ ಬೀಳ್ತದ, ಮತ್ತ ನೀ 80ಕ್ಕ ಜಗ್ಗತೈತಿ ಅಂತ ಬರೀತಿ. ನಾನಾ ಪೇಠದಾಗ ಪೆಟ್ರೋಲ್ ಪೈಪ್ ಅಂತ ಕೇಳಿ ಮೀಟರ್ ಲೆಕ್ಕದಾಗ ತಗೋ, ಹಳೇ ತುಂಡು ಜೊತಿಗೆ ಒಯ್ಯಿ ಸೈಜ್ ನೋಡಾಕ. ಪಿತ್ತಳಿ ಟಿ ಅದೇ ಅಂಗಡ್ಯಾಗ ಸಿಗ್ತದ. ಕೊನಿ ಓರಿ ಕತ್ತರಸು, ಸೀದಾ ಕತ್ತರಿಸಿದ್ರ ಟ್ಯಾಂಕಿನ ತಗಡಿಗೆ ಅಂಟಿ ಬಾಯಿ ಮುಚ್ಚತದ. ಸೋಮವಾರ ಹೋಗಬ್ಯಾಡ, ಎಷ್ಟೋ ಅಂಗಡಿ ಬಂದ್ ಇರ್ತಾವ, ಫೋನ್ ಮಾಡಿ ಹೋಗು.